ಮಗಳ ಫೀಸಿಗೆ ನಿವೃತ್ತಿ ಹಣ ತೆಗೆದೆ: ದಂಡ ತಪ್ಪಿತು, ತೆರಿಗೆ ತಪ್ಪಲಿಲ್ಲ

ಮಗಳು ಕಾಲೇಜಿನ ಎರಡನೇ ವರ್ಷಕ್ಕೆ ಕಾಲಿಡುವಾಗ ನಮ್ಮ ಉಳಿತಾಯ ಮುಗಿದಿತ್ತು. ಉಳಿದಿದ್ದು ಹಿಂದಿನ ಕಂಪನಿಯ 401(ಕೆ), ಅಂದರೆ ಕೆಲಸದ ಮೂಲಕ ನಿವೃತ್ತಿಗೆ ಕೂಡಿಡುವ ಖಾತೆ ಒಂದೇ. ನನಗೆ ಆಗ 51. ಅಮೆರಿಕದಲ್ಲಿ ಐವತ್ತೊಂಬತ್ತೂವರೆ ತುಂಬುವ ಮುಂಚೆ ಈ ದುಡ್ಡು ಮುಟ್ಟಿದರೆ ಮಾಮೂಲಿ ಆದಾಯ ತೆರಿಗೆ ಜೊತೆಗೆ 10% ದಂಡ ಬೀಳುತ್ತದೆ.

“ರೀ, ದುಡ್ಡು ನಮ್ದೇ ಅಲ್ವಾ? ಮಗಳನ್ನ ಓದಿಸೋಕೆ ತೆಗೆದ್ರೂ ದಂಡಾನಾ?” ಅಂದಳು ಹೆಂಡತಿ.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಕಾಲೇಜು ಖರ್ಚಿಗೆ ದಂಡದಿಂದ ವಿನಾಯಿತಿ ಇದೆ. ಆದರೆ ಅದು ನಾವೇ ಸ್ವಂತವಾಗಿ ತೆರೆಯುವ ನಿವೃತ್ತಿ ಖಾತೆ, ಅಂದರೆ ಐಆರ್‌ಎ ಖಾತೆಗೆ ಮಾತ್ರ, 401(ಕೆ)ಗೆ ಇಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಕಷ್ಟಕ್ಕೆ ಅಂತ 401(ಕೆ)ಯಿಂದ ಫೀಸಿಗೆ ಹಣ ತೆಗೆಯಲು ಕೆಲವು ಕಂಪನಿಗಳು ಬಿಡುತ್ತವೆ. ತೆಗೆಯಲು ಬಿಟ್ಟರು ಅಂದ ಮಾತ್ರಕ್ಕೆ ದಂಡ ಮನ್ನಾ ಆಯಿತು ಅಂತಲ್ಲ.

ಹಾಗಾಗಿ ಮೊದಲು ಆ ಹಣವನ್ನು, ತೆಗೆಯುವಾಗ ತೆರಿಗೆ ಬೀಳುವ ಟ್ರೆಡಿಷನಲ್ ಐಆರ್‌ಎಗೆ ದಾಟಿಸಿದೆ. ಫಾರಂನಲ್ಲಿ ಎರಡು ಚೌಕ ಇದ್ದವು. ಒಂದು, ಹಣ ನನ್ನ ಕೈಗೆ. ಇನ್ನೊಂದು, ನೇರವಾಗಿ ಹೊಸ ಖಾತೆಗೆ. ಮೊದಲನೆಯದಕ್ಕೆ ಟಿಕ್ ಹಾಕಿದ್ದರೆ 20% ಅಲ್ಲೇ ತೆರಿಗೆಗೆ ಮುರಿದುಕೊಳ್ಳುತ್ತಿದ್ದರು. ಎರಡನೆಯದಕ್ಕೆ ಹಾಕಿದೆ, ಒಂದು ಡಾಲರೂ ಕಡಿಮೆಯಾಗದೆ ದಾಟಿತು. ಒಂದು ಮಾತು: 55 ತುಂಬುವ ವರ್ಷ ಅಥವಾ ಆಮೇಲೆ ಕೆಲಸ ಬಿಟ್ಟವರು ಆ ಕಂಪನಿಯ 401(ಕೆ)ಯಿಂದಲೇ ದಂಡವಿಲ್ಲದೆ ತೆಗೆಯಬಹುದು. ಐಆರ್‌ಎಗೆ ದಾಟಿಸಿದರೆ ಆ ಅನುಕೂಲ ಹೋಗುತ್ತದೆ. ಅಂಥವರು ಅವಸರ ಮಾಡಬೇಡಿ. ತೆರಿಗೆ ಕಟ್ಟಿದ ಹಣವನ್ನೇ ಹಾಕುವ ರಾತ್ ಐಆರ್‌ಎ ಇದ್ದವರು ಮೊದಲು ಅದನ್ನೇ ನೋಡಿ. ತಾವು ಹಾಕಿದ ಅಸಲನ್ನು ತೆರಿಗೆಯೂ ಇಲ್ಲದೆ, ದಂಡವೂ ಇಲ್ಲದೆ ತೆಗೆಯಬಹುದು.

ಆಗಸ್ಟ್‌ನಲ್ಲಿ 18,000 ಡಾಲರ್ ತೆಗೆದೆ. ಎರಡೂ ಸೆಮಿಸ್ಟರಿಗೆ ಒಟ್ಟಿಗೇ ಆಗಲಿ ಅಂದುಕೊಂಡೆ. ನನ್ನ ತಪ್ಪು ಅದೇ.

ವಿನಾಯಿತಿಯ ಲೆಕ್ಕ ನಡೆಯುವುದು ಕ್ಯಾಲೆಂಡರ್ ವರ್ಷದ ಮೇಲೆ. ಹಣ ತೆಗೆದ ವರ್ಷವೇ ಖರ್ಚೂ ಆಗಿರಬೇಕು. ಮುಂದಿನ ಸೆಮಿಸ್ಟರಿನ ಫೀಸನ್ನು ನಾನು ಕಟ್ಟಿದ್ದು ಜನವರಿಯಲ್ಲಿ. ಆ ಬಿಲ್ಲು ಹಿಂದಿನ ವರ್ಷದ ಲೆಕ್ಕಕ್ಕೆ ಸೇರಲಿಲ್ಲ.

ಮಾರ್ಚ್‌ನಲ್ಲಿ ಊಟದ ಮೇಜಿನ ಮೇಲೆ ರಸೀದಿಗಳನ್ನೆಲ್ಲ ಹರಡಿಕೊಂಡು ಕೂತೆ. ಫೀಸು, ಪುಸ್ತಕ, ಮಗಳ ಅಪಾರ್ಟ್‌ಮೆಂಟ್ ಬಾಡಿಗೆ, ಊಟ. ಪೂರ್ತಿ ಕೋರ್ಸಿನ ಕನಿಷ್ಠ ಅರ್ಧದಷ್ಟಾದರೂ ಓದುವ ವಿದ್ಯಾರ್ಥಿ ಆಗಿದ್ದರೆ ಬಾಡಿಗೆ, ಊಟವೂ ಸೇರುತ್ತದೆ. ಆದರೆ ಹೊರಗೆ ಇರುವವರಿಗೆ ಕಾಲೇಜು ತನ್ನ ಅಂದಾಜು ಖರ್ಚಿನಲ್ಲಿ ತೋರಿಸಿದ ಮೊತ್ತದವರೆಗೆ ಮಾತ್ರ. ಮನೆಗೆ ಬರುವ ವಿಮಾನದ ಟಿಕೆಟ್ ಸೇರುವುದಿಲ್ಲ. ಸ್ಕಾಲರ್‌ಶಿಪ್‌ನಲ್ಲಿ ಕಟ್ಟಿದ್ದನ್ನು ಕಳೆಯಬೇಕು. ಸಾಲ ಮಾಡಿ ಕಟ್ಟಿದ್ದನ್ನು ಕಳೆಯಬೇಕಿಲ್ಲ.

ಎಲ್ಲ ಕೂಡಿದರೆ 11,000 ಡಾಲರ್. ಎದೆ ಧಸಕ್ ಅಂತು. ಆಗ ನೆನಪಾಯಿತು, ಅದೇ ವರ್ಷದ ಜನವರಿಯಲ್ಲಿ ಮೊದಲ ವರ್ಷದ ಎರಡನೇ ಸೆಮಿಸ್ಟರಿಗೆ ಉಳಿತಾಯದಿಂದ 4,600 ಡಾಲರ್ ಕಟ್ಟಿದ್ದೆವು. ಅದೂ ಲೆಕ್ಕಕ್ಕೆ ಬರುತ್ತದೆ! ತೆಗೆದ ನೋಟನ್ನೇ ಕಾಲೇಜಿಗೆ ಕೊಟ್ಟಿರಬೇಕು ಅಂತೇನಿಲ್ಲ. ಆ ವರ್ಷದ ಒಟ್ಟು ಖರ್ಚಿಗಿಂತ ತೆಗೆದ ಹಣ ಜಾಸ್ತಿ ಇರಬಾರದು, ಅಷ್ಟೇ. ಒಟ್ಟು 15,600 ಆಯಿತು. ಮಿಕ್ಕ 2,400ಕ್ಕೆ ಮಾತ್ರ ದಂಡ, 240 ಡಾಲರ್.

ತೆಗೆದ ಹಣದ ವಿವರ ಕೊಡಲು ಬ್ಯಾಂಕು ಕಳಿಸಿದ 1099-ಆರ್ ಕಾಗದದ ಏಳನೇ ಡಬ್ಬಿಯಲ್ಲಿ 1 ಅಂತ ಇತ್ತು. ಅಂದರೆ ಅವಧಿಗೆ ಮುಂಚೆ ತೆಗೆದದ್ದು, ವಿನಾಯಿತಿ ಇದೆಯೋ ಇಲ್ಲವೋ ಬ್ಯಾಂಕಿಗೆ ಗೊತ್ತಿಲ್ಲ. ತೆರಿಗೆ ಸಾಫ್ಟ್‌ವೇರ್ ಅದನ್ನ ನೋಡಿ ಸುಮ್ನೆ 1,800 ಡಾಲರ್ ದಂಡ ಹಾಕಿಬಿಟ್ಟಿತು. ದಂಡದ ಲೆಕ್ಕ ತೋರಿಸುವ 5329 ಫಾರಂನ ಎರಡನೇ ಸಾಲಿನಲ್ಲಿ ಕಾಲೇಜು ಖರ್ಚಿನ ವಿನಾಯಿತಿಗೆ 08 ಅನ್ನುವ ಸಂಖ್ಯೆ, ಮುಂದೆ 15,600 ಬರೆದ ಮೇಲೆ 240ಕ್ಕೆ ಇಳಿಯಿತು. ಇದನ್ನ ನಾವೇ ಬರೆಯಬೇಕು. ರಸೀದಿ ಕಳಿಸಬೇಕಿಲ್ಲ, ಆದರೆ ತೆಗೆದಿಟ್ಟುಕೊಳ್ಳಲೇಬೇಕು.

ಆದಾಯ ತೆರಿಗೆ ಮಾತ್ರ ಪೂರ್ತಿ 18,000ಕ್ಕೂ ಬಿತ್ತು. ನಮ್ಮದು 22% ಹಂತ, 3,960 ಡಾಲರ್. ತೆಗೆಯುವಾಗ 10% ಅಂದರೆ 1,800 ಮುರಿದಿದ್ದರು. ದಂಡವೂ ಸೇರಿ ಏಪ್ರಿಲ್‌ನಲ್ಲಿ 2,400 ಕೈಯಿಂದ ಕಟ್ಟಿದೆ. ನಾವಿರುವ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಆ ಮಿಕ್ಕ ಹಣಕ್ಕೆ ರಾಜ್ಯವೂ 2.5% ದಂಡ ಕೇಳುತ್ತದೆ.

ಇನ್ನೊಂದು ನನಗೆ ತಡವಾಗಿ ತಿಳಿಯಿತು. ತೆಗೆದ ಹಣ ನಮ್ಮ ಆದಾಯಕ್ಕೆ ಸೇರುತ್ತದೆ. ಸರ್ಕಾರದ ನೆರವಿಗೆ ತುಂಬುವ ಫಾಫ್ಸಾ ಅರ್ಜಿ ನೋಡುವುದು ಎರಡು ವರ್ಷ ಹಿಂದಿನ ಆದಾಯ. ನಮಗದು ಮಗಳ ಕೊನೆಯ ವರ್ಷದ ಅರ್ಜಿಯಲ್ಲಿ ಹೆಚ್ಚಿನ ಆದಾಯವಾಗಿ ಕಾಣಿಸಿತು.

ಮರುವರ್ಷ ಎರಡು ಕಂತಿನಲ್ಲಿ ತೆಗೆದೆ, ಜನವರಿಗೊಂದು, ಆಗಸ್ಟ್‌ಗೊಂದು. ಪ್ರತಿ ಸಲವೂ ಕಾಲೇಜಿನ ಬಿಲ್ಲು ಕೈಗೆ ಬಂದ ಮೇಲೆಯೇ, ಬಿಲ್ಲಿನಲ್ಲಿ ಇದ್ದಷ್ಟೇ. ತೆರಿಗೆಗೆ 22% ಮುರಿದುಕೊಳ್ಳಿ ಅಂತ ಫಾರಂನಲ್ಲೇ ಬರೆದುಕೊಟ್ಟೆ.