ಪಟ್ಟಿಯಲ್ಲಿ ಇಲ್ಲದ ರೈಫಲ್

ನಮ್ಮೂರ ಪೊಲೀಸರ ಹತ್ತಿರ ಏನೇನಿದೆ ಅನ್ನುವ ಪಟ್ಟಿಯನ್ನು ನಾನು ಮೊದಲು ಓದಿದ್ದು 2022ರಲ್ಲಿ, ಅಡುಗೆಮನೆಯಲ್ಲಿ, ಕುಕ್ಕರ್ ಕೂಗುವುದನ್ನೇ ಕಾಯುತ್ತಾ. ನಮ್ಮೂರು ಅಂದರೆ ಈಗಿರುವ ಊರು, ಕ್ಯಾಲಿಫೋರ್ನಿಯಾದ ಬೇ ಏರಿಯಾದ್ದು. ಡ್ರೋನ್, ಅಶ್ರುವಾಯು, ಗುಂಡು ತಡೆಯುವ ಗಾಡಿ, ಕಣ್ಣು ಕುಕ್ಕುವ ಬೆಳಕು, ಭಾರಿ ಸದ್ದು ಮಾಡುವ ಫ್ಲ್ಯಾಶ್‌ಬ್ಯಾಂಗ್. ಒಂದೊಂದರ ಮುಂದೆಯೂ ಎಷ್ಟಿದೆ, ಖರ್ಚೆಷ್ಟು, ಎಷ್ಟು ವರ್ಷ ಬಾಳಿಕೆ, ಯಾಕೆ ಬೇಕು ಅಂತ ಬರೆದಿತ್ತು.

ಬರೆಯಲೇಬೇಕಿತ್ತು. ಆಗ ರಾಜ್ಯದ ಶಾಸಕರಾಗಿದ್ದ ಡೇವಿಡ್ ಚಿಯು ತಂದ ಎಬಿ 481 ಅನ್ನುವ ಮಸೂದೆಗೆ ಗವರ್ನರ್ ನ್ಯೂಸಮ್ 2021ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದ್ದರು. ಅದರ ಪ್ರಕಾರ ಪೊಲೀಸರು ಇಂಥ ಮಿಲಿಟರಿ ಮಾದರಿಯ ಸಾಮಾನು ಇಟ್ಟುಕೊಳ್ಳಲು, ಬಳಸಲು ಸಿಟಿ ಕೌನ್ಸಿಲ್ (ನಗರಸಭೆ) ಒಪ್ಪಿಗೆ ಬೇಕು. ಬಳಕೆಯ ನೀತಿಯನ್ನು ಸಭೆಗೆ 30 ದಿನ ಮೊದಲೇ ವೆಬ್‌ಸೈಟ್‌ನಲ್ಲಿ ಹಾಕಬೇಕು. ಹಿನ್ನೆಲೆ ಹಳೆಯದು. 1033 ಅನ್ನುವ ಅಮೆರಿಕದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸೈನ್ಯಕ್ಕೆ ಬೇಡವಾದದ್ದು ಪೊಲೀಸರಿಗೆ ಹೆಚ್ಚುಕಮ್ಮಿ ಪುಕ್ಕಟೆ ಸಿಗುತ್ತದೆ, ಸಾಗಣೆ ಖರ್ಚು ಕೊಟ್ಟರೆ ಸಾಕು. 2014ರಲ್ಲಿ ಪ್ರತಿಭಟನೆ ನಡೆದ ಮಿಸೌರಿಯ ಫರ್ಗುಸನ್ ಊರಿನ ಬೀದಿಗಳಲ್ಲಿ ಪೊಲೀಸರ ಅಂಥ ಗಾಡಿಗಳನ್ನು ಟಿವಿಯಲ್ಲಿ ನೋಡಿದವರು ಮರೆತಿರಲಿಕ್ಕಿಲ್ಲ. ಒಬಾಮಾ 2015ರಲ್ಲಿ ಕಡಿವಾಣ ಹಾಕಿದರು, ಟ್ರಂಪ್ 2017ರಲ್ಲಿ ತೆಗೆದರು. ಅದಕ್ಕೇ ರಾಜ್ಯದ ಕಾನೂನು ಬೇಕಾಯಿತು.

ಪಟ್ಟಿ ಎರಡನೇ ಸಲ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪೊಲೀಸ್ ಕಾರುಗಳಲ್ಲಿ ಇರುವ ಎಆರ್-15 ಮಾದರಿಯ ರೈಫಲ್ ಅದರಲ್ಲಿ ಇರಲೇ ಇಲ್ಲ! ಕಾನೂನು ತೆಗೆದು ನೋಡಿದೆ. ಅಸಾಲ್ಟ್ ರೈಫಲ್ ಸೇರಿಸಿ ಅಂತ ಇದೆ, ಆದರೆ ಸಿಬ್ಬಂದಿಗೆ ಮಾಮೂಲಾಗಿ ಕೊಡುವ 'ಸ್ಟ್ಯಾಂಡರ್ಡ್ ಇಶ್ಯೂ' ಆಯುಧ ಬಿಟ್ಟು. ಮಾಮೂಲು ಯಾವುದು ಅಂತ ಹೇಳುವವರು ಯಾರು? ಪೊಲೀಸರೇ. ಬೇರೆ ಕೆಲವು ಊರುಗಳಲ್ಲೂ ಇದೇ ಕಥೆ. ಅಕ್ಕಿ ಮಾಮೂಲು ಅಂತ ದಿನಸಿ ಚೀಟಿಯಿಂದ ಅಕ್ಕಿಯನ್ನೇ ಬಿಟ್ಟ ಹಾಗೆ.

"ಎಚ್-1ಬಿ ವೀಸಾದಲ್ಲಿದ್ದೀವಿ, ನಿನಗ್ಯಾಕೆ ಈ ಉಸಾಬರಿ?" ಅಂದರು ಮನೆಯವರು. ಭಯ ನನಗೂ ಇತ್ತು. ಆದರೆ ಸಾರ್ವಜನಿಕ ಸಭೆಗಳ ಬಗ್ಗೆ ಇಲ್ಲಿರುವ ಬ್ರೌನ್ ಆಕ್ಟ್ ಅನ್ನುವ ಕಾನೂನಿನ ಪ್ರಕಾರ ಕೌನ್ಸಿಲ್ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಪೌರತ್ವ ಕೇಳುವುದಿಲ್ಲ.

ಆ ನೀತಿಗೆ ಒಪ್ಪಿಗೆ ಕೇಳುವ ಕೌನ್ಸಿಲ್ ಸಭೆಗೆ ಹೋದೆ. ನನ್ನ ಸರದಿ ಬಂದಾಗ ರಾತ್ರಿ ಹತ್ತೂವರೆ. ಎರಡೇ ನಿಮಿಷ. ಕಾಲ ಮುಗಿದರೆ ಕೆಂಪು ದೀಪ. ಪೊಲೀಸರು ಒಳ್ಳೆಯವರಾ ಕೆಟ್ಟವರಾ ಅನ್ನುವ ಜಗಳಕ್ಕೆ ನಾನು ಹೋಗಲಿಲ್ಲ, ನನಗಿಂತ ಮುಂಚೆ ಆರೇಳು ಜನ ಅದನ್ನೇ ಮಾಡಿ ಕೂತಿದ್ದರು. ಒಪ್ಪಿಗೆ ಕೊಡುವ ಮೊದಲು ಕೌನ್ಸಿಲ್ ನೋಡಲೇಬೇಕಾದ ಒಂದು ಮಾತು ಕಾನೂನಿನಲ್ಲಿದೆ: ಇದಕ್ಕೆ ಬೇರೆ ಸರಿಯಾದ ದಾರಿ ಇಲ್ಲವೇ? ಅದನ್ನು ಓದಿ, "ರೈಫಲ್ ಬಗ್ಗೆ ಈ ಪ್ರಶ್ನೆಯನ್ನು ನೀವು ಕೇಳುವ ಹಾಗೇ ಇಲ್ಲ, ಅದು ಪಟ್ಟಿಯಲ್ಲೇ ಇಲ್ಲವಲ್ಲ" ಅಂದೆ. ದೀಪ ಕೆಂಪಾಯಿತು. ಕಾಲು ನಡುಗುತ್ತಿತ್ತು, ನಿಜ ಹೇಳ್ತೀನಿ.

ನೀತಿ ಹೇಗಿತ್ತೋ ಹಾಗೇ ಪಾಸಾಯಿತು. ಈ ಕಾನೂನು ಯಾವ ಆಯುಧವನ್ನೂ ಕಿತ್ತುಕೊಳ್ಳುವುದಿಲ್ಲ, ಜನರ ಮುಂದೆ ಕೇಳಿ ಇಟ್ಟುಕೋ ಅನ್ನುತ್ತದೆ ಅಷ್ಟೇ. ಆದರೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು: ಎಷ್ಟು ಸಲ ಬಳಸಿದರು, ಯಾವ ದೂರು ಬಂತು, ಖರ್ಚೆಷ್ಟು. ಅದರ ಮೇಲೆ ಜನರ ಜೊತೆ ಒಂದು ಸಭೆಯನ್ನೂ ಕರೆಯಬೇಕು.

ಮರುವರ್ಷ ಆ ಸಭೆಗೂ ಹೋದೆ. ಲೈಬ್ರರಿಯ ಒಂದು ರೂಮು. ಒಂಬತ್ತು ಜನ, ಎರಡು ಡಬ್ಬ ಕುಕೀಸ್. ರೈಫಲ್ ಈ ಸಲವೂ ಇರಲಿಲ್ಲ. ಮತ್ತೆ ಕೇಳಿದೆ. ಅಧಿಕಾರಿಯೊಬ್ಬರು ಬರೆದುಕೊಂಡು, ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದರು.