ತೀಸ್‌ವಾಡಿಯನ್ನು ಕಯಾಕ್‌ನಲ್ಲಿ ಒಬ್ಬನೇ ಸುತ್ತಿದ್ದು

ಪಣಜಿ ಇರುವುದು ದ್ವೀಪದ ಮೇಲೆ ಅಂದರೆ ವಾಸ್ಕೋದ ನಮ್ಮ ಕನ್ನಡದ ಗೆಳೆಯರೂ ನಂಬುವುದಿಲ್ಲ. ಉತ್ತರಕ್ಕೆ ಮಾಂಡೋವಿ, ದಕ್ಷಿಣಕ್ಕೆ ಜುವಾರಿ, ಪಶ್ಚಿಮಕ್ಕೆ ಕಡಲು. ಪೂರ್ವಕ್ಕೆ ಎರಡೂ ನದಿಗಳನ್ನು ಕೂಡಿಸುವ ಕುಂಭಾರ್ಜುವಾ ಕಾಲುವೆ, ಅದೇ ಸುಮಾರು 15 ಕಿ.ಮೀ. ಉದ್ದವಿದೆ. ಇವುಗಳ ನಡುವಿನ ನೆಲವೇ ತೀಸ್‌ವಾಡಿ. ಒಂದು ಸುತ್ತು ಹಾಕಿದರೆ ಹತ್ತಿರ ಹತ್ತಿರ 45 ಕಿ.ಮೀ.

ಹೋದ ವರ್ಷ ಇದನ್ನು ಕಯಾಕ್‌ನಲ್ಲಿ, ಅಂದರೆ ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿಯಲ್ಲಿ, ಒಂದೇ ದಿನದಲ್ಲಿ ಮುಗಿಸಲು ಹೊರಟಿದ್ದೆ. ಜುವಾರಿಗೆ ಬರುವಾಗ ಮಧ್ಯಾಹ್ನ ಒಂದೂವರೆ. ನೀರು ಇಳಿಯುತ್ತಾ ಕಡಲಿನ ಕಡೆ ಓಡುತ್ತಿತ್ತು. ಗಾಳಿ ಕಡಲಿನಿಂದ ಎದುರಿಗೆ ಬೀಸುತ್ತಿತ್ತು. ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ ಎಳೆದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಏಳುತ್ತವೆ. ಅರ್ಧ ಗಂಟೆಯಲ್ಲಿ ತೋಳು ಸೋತವು. ಸಿರಿದಾವ್ ದಂಡೆಗೆ ಕಯಾಕ್ ಎಳೆದು ಹಾಕಿ ಟೆಂಪೋ ಹಿಡಿದೆ. ನಾನು ತಪ್ಪಿದ್ದು ಶಕ್ತಿಯಲ್ಲಿ ಅಲ್ಲ, ಹೊತ್ತಿನ ಲೆಕ್ಕದಲ್ಲಿ.

ಈ ಸಲ ಮೊದಲು ನೋಡಿದ್ದು ಉಬ್ಬರ-ಇಳಿತದ ಪಟ್ಟಿ. ಜನವರಿಯಲ್ಲಿ ಹುಣ್ಣಿಮೆ ಕಳೆದ ಎರಡನೇ ದಿನ ಆರಿಸಿಕೊಂಡೆ. ಅವತ್ತು ಬೆಳಿಗ್ಗೆ ಆರೂವರೆಗೆ ನೀರು ಪೂರ್ತಿ ಇಳಿದು, ಮತ್ತೆ ಏರಲು ಶುರುವಾಗುತ್ತಿತ್ತು. ಬೆಳಕು ಹರಿಯುತ್ತಲೇ ಪಣಜಿಯಿಂದ ಹೊರಟೆ. ಏರುವ ನೀರು ನನ್ನನ್ನು ಹಳೆ ಗೋವಾ ಕಡೆಗೆ ತಾನೇ ಒಯ್ದಿತು. ರಾಯಬಂದರ್–ಚೋಡಣ ಫೆರಿಗೆ ನಿಂತು ದಾರಿ ಬಿಟ್ಟೆ. ಫೆರಿ ಬರುವಾಗ ಅದರ ಮುಂದೆ ನುಗ್ಗಲೇಬಾರದು. ಕಯಾಕ್ ಎಷ್ಟು ತಗ್ಗಿನಲ್ಲಿ ಇರುತ್ತದೆ ಅಂದರೆ, ಚಾಲಕನಿಗೆ ನಾವು ಕಾಣುವುದೇ ಇಲ್ಲ. ಈ ಮಾಂಡೋವಿ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ವಾ! ಅವಳ ಮೇಲೆ ಕೂತು ಹೋಗುವಾಗ ಊರಿನ ನೆನಪು ಬಂತು.

ಕಾಲುವೆಯ ಒಳಗೆ ಹೊಕ್ಕ ಮೇಲೆ ಲೋಕವೇ ಬೇರೆ. ಎರಡೂ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಅವುಗಳ ಆಚೆ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಒಡ್ಡುಗಳು. ಇಲ್ಲಿ ಮೊಸಳೆಗಳಿವೆ. ಚಳಿಗಾಲದಲ್ಲಿ ಕೆಸರಿನ ದಂಡೆಗೆ ಬಂದು ಬಿಸಿಲು ಕಾಯುತ್ತವೆ. ಒಂದನ್ನು ಸುಮಾರು ನಲವತ್ತು ಮೀಟರ್ ದೂರದಿಂದ ನೋಡಿದೆ. ಹುಟ್ಟು ಹಾಕುವುದು ನಿಲ್ಲಿಸಿ, ಕಾಲುವೆಯ ನಡುವಿನಲ್ಲೇ ಸದ್ದಿಲ್ಲದೆ ತೇಲಿದೆ. ಕಾಲುವೆ ಮುಗಿಯುವವರೆಗೆ ಎಲ್ಲೂ ಇಳಿಯಲಿಲ್ಲ, ನೀರಿಗೆ ಕೈ ಹಾಕಲಿಲ್ಲ. ಊಟವೂ ಕೂತಲ್ಲೇ: ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಉಬ್ಬರ ಈ ಕಾಲುವೆಗೆ ಎರಡೂ ತುದಿಯಿಂದ ಬರುತ್ತದೆ. ಬಾಣಸ್ತಾರಿ ಸೇತುವೆ ದಾಟಿ ಸ್ವಲ್ಪ ಹೊತ್ತಿಗೆ ತೇಲುವ ಎಲೆಗಳು ನಿಂತಲ್ಲೇ ನಿಂತಿದ್ದವು. ಎರಡೂ ಕಡೆಯ ನೀರು ಅಲ್ಲಿ ಸೇರಿ ನಿಂತಿತ್ತು. ಇಳಿತ ಶುರುವಾಗಲಿ ಅಂತ ಕಾದೆ. ಸುಮಾರು ಇಪ್ಪತ್ತು ನಿಮಿಷದ ಮೇಲೆ ಅವೇ ಎಲೆಗಳು ಮೆಲ್ಲಗೆ ಜುವಾರಿ ಕಡೆ ಹೊರಟವು. ಅವುಗಳ ಜೊತೆ ನಾನೂ ಹೊರಟೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಗಳಿಗೆ ಅದು.

ಕಡಲಗಾಳಿ ಜೋರಾಗುವ ಮೊದಲೇ ಜುವಾರಿ ದಂಡೆಯ ಆಗಶಿಗೆ ಬಂದು ನಿಲ್ಲಿಸಿದೆ. ಅಲ್ಲಿರುವ ಗೆಳೆಯನ ತಾಯಿ ಗದಗಿನವರು. "ಒಬ್ಬನೇ ಬಂದ್ಯೇನೋ ತಮ್ಮಾ?" ಅಂದರು. "ಹೌದ್ರೀ ಅವ್ವಾ, ನೀರೇ ಕರಕೊಂಡು ಬಂತು" ಅಂದೆ. ನಂಬಲಿಲ್ಲ, ಆದರೆ ಬಿಸಿ ಅನ್ನ ಹಾಕಿದರು.

ಮರುದಿನ ಆರೂವರೆಗೇ ನೀರಿಗೆ ಇಳಿದೆ. ಇಳಿತ ಇನ್ನೂ ಒಂದು ಗಂಟೆ ಉಳಿದಿತ್ತು, ನೆಲದ ಕಡೆಯಿಂದ ತಂಗಾಳಿ ಬೆನ್ನಿಗಿತ್ತು. ಹೋದ ವರ್ಷ ನನ್ನನ್ನು ಸೋಲಿಸಿದ ಅದೇ ಜುವಾರಿ ಈಗ ಗಾಜಿನ ಹಾಗೆ ಮಲಗಿತ್ತು. ದೋನಾ ಪಾವ್ಲಾ ದಾಟಿ, ರಾಜ್ಯಪಾಲರ ನಿವಾಸ ಇರುವ ಕಾಬೋ ಮೂಲೆಯಲ್ಲಿ ಮಾತ್ರ ಅಲೆಗಳು ಬಂಡೆಗೆ ಬಡಿದು ತಿರುಗಿ ಬರುತ್ತವೆ, ಕಯಾಕ್ ಎಲ್ಲಾ ಕಡೆ ಕುಣಿಯುತ್ತದೆ. ಬಂಡೆಯಿಂದ ಅರ್ಧ ಕಿ.ಮೀ. ದೂರ ಇಟ್ಟುಕೊಂಡೇ ಸುತ್ತಿದೆ. ಲೈಫ್ ಜಾಕೆಟ್ ಎರಡೂ ದಿನ ಬಿಚ್ಚಲಿಲ್ಲ. ಹುಟ್ಟಿಗೆ ಹಗ್ಗ, ಬದಲಿ ಹುಟ್ಟು, ಸೀಟಿ, ಐದು ಲೀಟರ್ ನೀರು ಜೊತೆಗಿತ್ತು. ಕೋಸ್ಟ್ ಗಾರ್ಡ್‌ನ 1554 ಫೋನಿನಲ್ಲಿತ್ತು. ಗೆಳೆಯನಿಗೆ ಎರಡು ಗಂಟೆಗೊಮ್ಮೆ ಮೆಸೇಜ್ ಹಾಕುತ್ತಿದ್ದೆ. ಒಬ್ಬರೇ ಹೋಗುವವರು ಇದರಲ್ಲಿ ಒಂದನ್ನೂ ಬಿಡಬೇಡಿ.

ಮಾಂಡೋವಿಯ ಅಳಿವೆಗೆ ಬರುವಾಗ ಒಂಬತ್ತೂವರೆ. ಆಚೆ ಆಗ್ವಾದ ಕೋಟೆ, ಈಚೆ ಮಿರಾಮಾರ್. ಉಬ್ಬರ ಮತ್ತೆ ಏರುತ್ತಿತ್ತು, ನೀರು ಒಳಕ್ಕೆ ಕರೆಯುತ್ತಿತ್ತು. ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಪಣಜಿಯ ಕಡೆಗೆ ಸುಮ್ನೆ ತೇಲಿದೆ.