ಹಾಸ್ಪೈಸ್‌ನಲ್ಲಿ ಅಗಲಿಕೆಯ ಆಪ್ತಸಮಾಲೋಚನೆ: ಯಾವಾಗ, ಏನು, ಹೇಗೆ

ಹಾಸ್ಪೈಸ್ ಎಂದರೆ ಗುಣವಾಗದ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ವ್ಯವಸ್ಥೆ. ಅಲ್ಲಿ ರೋಗಿ ತೀರಿಕೊಂಡ ಮೇಲೆ ಆಪ್ತಸಮಾಲೋಚಕರ ಕೆಲಸ ಶುರು ಅಂದುಕೊಂಡರೆ ಆಗಲೇ ತಡವಾಗಿರುತ್ತದೆ. ರೋಗಿ ದಾಖಲಾದ ವಾರದಲ್ಲೇ ಮನೆಯವರ ಪರಿಚಯ ಆಗಿರಬೇಕು. ಗುರುತಿಲ್ಲದ ದನಿಯೊಂದು ಫೋನ್ ಮಾಡಿ ಸಂತಾಪ ಹೇಳಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಮೊದಲ ಭೇಟಿಯಲ್ಲಿ ಒಂದೇ ಹಾಳೆಯಲ್ಲಿ ಬರೆದಿಡಿ: ರಾತ್ರಿ ಔಷಧಿ ಕೊಡುವವರು ಯಾರು, ತೀರ್ಮಾನ ಯಾರದು, ಯಾರಿಗೆ ಯಾರ ಜೊತೆ ಮಾತಿಲ್ಲ, ಈ ಮನೆಯಲ್ಲಿ ಹಿಂದೆ ಯಾವ ಸಾವು ಹೇಗಾಯಿತು. ಸಾಯುತ್ತಿರುವುದು ಮಗುವಾದರೆ, ಉಳಿಯುವವರು ಒಂಟಿಯಾಗುವುದಾದರೆ, ಅವರಿಗೆ ಮೊದಲೇ ಖಿನ್ನತೆಯೋ ಕುಡಿತವೋ ಇದ್ದರೆ ಹಾಳೆಯ ಮೇಲೆ ಗುರುತು ಹಾಕಿ. ಮುಂದೆ ಮೊದಲ ಕರೆ ಹೋಗಬೇಕಾದ್ದು ಇವರಿಗೆ. ಜೋರಾಗಿ ಅತ್ತವರೇ ಹೆಚ್ಚು ಕಷ್ಟದಲ್ಲಿದ್ದಾರೆ ಅಂತೇನೂ ಇಲ್ಲ.

ಕೊನೆಯ ದಿನಗಳಲ್ಲಿ ದೇಹ ಏನೇನು ಮಾಡುತ್ತದೆ ಎಂದು ನರ್ಸ್ ಜೊತೆ ಕೂತು ಮುಂಚೆಯೇ ತಿಳಿಸಿ. ಊಟ, ನೀರು ಬೇಡವಾಗುತ್ತದೆ. ಕೈಕಾಲು ತಣ್ಣಗಾಗಿ ಬಣ್ಣ ಬದಲಾಗುತ್ತದೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುವುದು, ಪ್ರಜ್ಞೆ ತಗ್ಗಿದವರಿಗೆ ಅಲ್ಲಿ ನಿಂತ ದ್ರವವನ್ನು ನುಂಗಲೂ ಕೆಮ್ಮಲೂ ಆಗದ್ದರಿಂದ. ಇದನ್ನು ಹೇಳದೆ ಬಿಟ್ಟರೆ, ಆ ಸದ್ದು ತಿಂಗಳುಗಟ್ಟಲೆ ಕೇಳಿದವರ ಕಿವಿಯಲ್ಲಿ ಉಳಿಯುತ್ತದೆ.

ಈ ಕೆಲಸದ ತಿರುಳು ಇರುವುದು ಇಲ್ಲೇ. ನಂತರದ ಮಾತುಕತೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಕೊನೆಯ ಎರಡು ಮೂರು ದಿನಗಳವು: 'ನಾನು ಕೊಟ್ಟ ಮಾರ್ಫಿನ್‌ನಿಂದಲೇ ಹೋದರಾ?' (ಮಾರ್ಫಿನ್ ಬಲವಾದ ನೋವಿನ ಔಷಧಿ), 'ಹಸಿವಿನಿಂದ ಸತ್ತರಾ?', 'ಐದೇ ನಿಮಿಷ ಹೊರಗೆ ಹೋಗಿದ್ದೆ, ಅಷ್ಟರಲ್ಲೇ ಯಾಕೆ ಹೋದರು?'

'ನಿಮ್ಮದೇನೂ ತಪ್ಪಿಲ್ಲ ಬಿಡಿ' ಎಂದು ತಟ್ಟನೆ ಹೇಳಬೇಡಿ. ಕೇಳುವವರಿಗೆ ಅದು 'ಮಾತು ಸಾಕು' ಎಂದಂತಾಗುತ್ತದೆ. ಆ ದಿನವನ್ನು ಗಂಟೆಗಂಟೆಯಾಗಿ ಅವರ ಬಾಯಲ್ಲೇ ಕೇಳಿ, ಆಮೇಲೆ ನರ್ಸ್ ಜೊತೆ ಔಷಧಿ ಚಾರ್ಟ್ ತೆರೆಯಿರಿ. ಉಸಿರಾಟ ಹಿಂದಿನ ದಿನವೇ ಬದಲಾಗಿತ್ತು, ಡೋಸ್ ಎಂದಿನಷ್ಟೇ ಇತ್ತು ಎಂದು ಚಾರ್ಟ್ ಹೇಳಿದರೆ, ಆ ಸಾಲುಗಳನ್ನು ಬೆರಳಿಟ್ಟು ತೋರಿಸಿ. ಸಾವು ಹತ್ತಿರ ಬಂದಿದ್ದರಿಂದ ಆ ಡೋಸ್ ಕೊನೆಯದಾಯಿತು ಎಂಬುದು ಹತ್ತು ಸಮಾಧಾನದ ಮಾತಿಗಿಂತ ಆಗ ಚೆನ್ನಾಗಿ ಅರ್ಥವಾಗುತ್ತದೆ. ನಿಜಕ್ಕೂ ಎಡವಟ್ಟು ಆಗಿದ್ದರೆ ಮುಚ್ಚಬೇಡಿ. ವೈದ್ಯರನ್ನು ಕೂರಿಸಿಕೊಂಡು ಹೇಳಿ.

ಕರೆಗಳಿಗೊಂದು ಕ್ರಮ ಇರಲಿ: ಮೊದಲ ಎರಡು ವಾರದೊಳಗೆ ಒಂದು, ಆಮೇಲೆ 1, 3, 6 ತಿಂಗಳಿಗೆ, ವರ್ಷ ತುಂಬುವ ಮುಂಚೆ ಮತ್ತೊಂದು. ಹಲವು ಹಾಸ್ಪೈಸ್‌ಗಳು ಈ ಸಂಪರ್ಕವನ್ನು 13 ತಿಂಗಳವರೆಗೆ ಇಟ್ಟುಕೊಳ್ಳುವುದು ಮೊದಲ ವರ್ಷದ ದಿನವನ್ನು ದಾಟಿಸಲಿಕ್ಕೆ. ಫೋನ್‌ನಲ್ಲಿ 'ಹೇಗಿದ್ದೀರಿ?' ಎಂದರೆ 'ಪರವಾಗಿಲ್ಲ' ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. 'ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ?' ಎಂದು ಕೇಳಿ ನೋಡಿ. ತೀರಿಕೊಂಡವರ ಹೆಸರು ಹಿಡಿದೇ ಮಾತಾಡಿ. ಅವರು ಸುಮ್ಮನಾದರೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಹೆಚ್ಚಾಗಿ ಏಳೆಂಟಕ್ಕೆ ಅವರೇ ಮಾತು ಎತ್ತುತ್ತಾರೆ.

ದುಃಖಕ್ಕೆ ಐದು ಹಂತ ಎಂದು ಪಾಠ ಮಾಡಲು ಹೋಗಬೇಡಿ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಆ ಹಂತಗಳನ್ನು ಬರೆದದ್ದು ಸಾಯುತ್ತಿದ್ದ ರೋಗಿಗಳ ಮಾತು ಕೇಳಿ, ಅಗಲಿಕೆಯಲ್ಲಿರುವ ಮನೆಯವರದ್ದಲ್ಲ. 1999ರಲ್ಲಿ ಸಂಶೋಧಕರಾದ ಸ್ಟ್ರೋಬ್ ಮತ್ತು ಶೂಟ್ ಕೊಟ್ಟ ವಿವರಣೆ ಕೆಲಸಕ್ಕೆ ಹೆಚ್ಚು ಒದಗುತ್ತದೆ: ಮನಸ್ಸು ನೋವಿಗೂ ದಿನದ ಕೆಲಸಕ್ಕೂ ನಡುವೆ ಓಲಾಡುತ್ತಿರುತ್ತದೆ. ಬೆಳಿಗ್ಗೆ ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಅತ್ತವರಿಗೆ ಏನೂ ಕೆಟ್ಟಿಲ್ಲ. ಒಂದೇ ಕಡೆ ಸಿಕ್ಕಿಹಾಕಿಕೊಂಡವರ ಮೇಲೆ ಕಣ್ಣಿಡಿ.

'ಅವರ ಹತ್ತಿರ ಹೋಗಿಬಿಡೋಣ ಅನ್ನಿಸುತ್ತೆ' ಎಂಬ ಮಾತು ಬಂದರೆ ತೇಲಿಸಬೇಡಿ. 'ಸಾಯುವ ಯೋಚನೆ ಬರುತ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರಿಗೆ ತಲುಪಿಸಿ. ಮನೆಯಲ್ಲಿ ಉಳಿದ ಮಾರ್ಫಿನ್ ಹಾಗೇ ಕೂತಿರುತ್ತದೆ, ಮರೆಯಬೇಡಿ. ನಿಯಮದಂತೆ ಅದನ್ನು ವಾಪಸ್ ತೆಗೆದುಕೊಳ್ಳುವ ಏರ್ಪಾಡು ಸಾವಾದ ದಿನವೇ ಆಗಲಿ.

ತೀವ್ರ ಹಂಬಲ ಕರಗದೆ ದಿನದ ಬದುಕನ್ನೇ ತಡೆದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ದೀರ್ಘಕಾಲದ ದುಃಖವೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಕನಿಷ್ಠ 6 ತಿಂಗಳು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ 2022ರ ಡಿಎಸ್‌ಎಂ-5-ಟಿಆರ್ ದೊಡ್ಡವರಿಗೆ 12, ಮಕ್ಕಳಿಗೆ 6 ತಿಂಗಳು ಎನ್ನುತ್ತದೆ.

ಮಕ್ಕಳಿಗೆ 'ಸತ್ತುಹೋದರು' ಎಂದೇ ಹೇಳಿಸಿ. 'ಮಲಗಿದ್ದಾರೆ' ಎಂದರೆ ಮಗು ತಾನು ಮಲಗಲು ಹೆದರುತ್ತದೆ. ನನ್ನಿಂದ ಆಯಿತಾ, ನನಗೂ ಬರುತ್ತಾ, ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗೆ ಮಗು ಕೇಳದಿದ್ದರೂ ಉತ್ತರ ಕೊಡಿ.

ಕರೆ ನಿಲ್ಲಿಸುವ ವಿಷಯವನ್ನು ಎರಡು ಕರೆ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಅದೂ ಒಂದು ಅಗಲಿಕೆಯಾಗುತ್ತದೆ. ಕೊನೆಯ ಕರೆಯಲ್ಲಿ ಹೊಸ ವಿಷಯ ಕೆದಕಬೇಡಿ. ಬೇಕೆನಿಸಿದಾಗ ಅವರೇ ಕರೆಯಬಹುದಾದ ನಂಬರನ್ನು ಬರೆಸಿ, ಒಮ್ಮೆ ಓದಿ ಹೇಳಿಸಿಕೊಳ್ಳಿ.